ಕೀಮೋ ಆದ ಹತ್ತನೇ ದಿನದ ಜ್ವರ: ಕ್ಯಾನ್ಸರ್ ರೋಗಿಯ ಶ್ವಾಸಕೋಶಕ್ಕೆ ಸೋಂಕು ನುಗ್ಗುವುದು ಹೇಗೆ?

ನಮ್ಮ ದೊಡ್ಡಮ್ಮನ ಮನೆ ಸಾಗರದಿಂದ ಆಚೆ, ಅಡಿಕೆ ತೋಟದ ಅಂಚಿನಲ್ಲಿದೆ. ಅವರಿಗೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೀಮೋ ಶುರುವಾಯಿತು. 21 ದಿನಕ್ಕೊಂದು ಸೈಕಲ್. ಮೊದಲನೇದು ಮುಗಿಸಿಕೊಂಡು ರಾತ್ರಿ ರೈಲಿಗೆ ಊರಿಗೆ ಬಂದರು. ನಾಲ್ಕೈದು ದಿನ ವಾಂತಿ, ಸುಸ್ತು. ಆಮೇಲೆ ಎದ್ದು ಓಡಾಡಿದರು. ಗಂಜಿ ಬಿಟ್ಟು ಅನ್ನ ಸಾರು ಉಂಡರು. ದೊಡ್ಡ ಕಷ್ಟ ಕಳೆಯಿತು ಅಂದುಕೊಂಡೆವು.

ಹತ್ತನೇ ದಿನ ಸಂಜೆ ಮೈ ಸ್ವಲ್ಪ ಬೆಚ್ಚಗಿತ್ತು. ಥರ್ಮಾಮೀಟರ್ ಇಟ್ಟರೆ 100.8. ಕೆಮ್ಮಿಲ್ಲ, ಕಫ ಇಲ್ಲ, ಎದೆನೋವಿಲ್ಲ. "ಒಂದು ಪೆರಾಸಿಟಮಾಲ್ ತಗೊಂಡು ಮಲಗ್ತೀನಿ, ಬೆಳಿಗ್ಗೆ ನೋಡೋಣ ಬಿಡು" ಅಂದರು ದೊಡ್ಡಮ್ಮ. ಅವರ ಮಗ ಡಿಸ್ಚಾರ್ಜ್ ಹಾಳೆ ತೆಗೆದು ನೋಡಿದ. ಕೆಳಗಡೆ ಪೆನ್ನಿನಲ್ಲಿ ಸುತ್ತು ಹಾಕಿ ಬರೆದಿತ್ತು: ಜ್ವರ 100.4 ದಾಟಿದರೆ ಯಾವ ಹೊತ್ತಾದರೂ ಸರಿ, ಆಸ್ಪತ್ರೆಗೆ ಹೋಗಿ. ಹೊರಟೇ ಬಿಟ್ಟರು. ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ ಪೂರ್ತಿ ಸ್ವಚ್ಛವಾಗಿತ್ತು. ಆದರೂ ಡಾಕ್ಟರು ಅದನ್ನು ನಂಬಿ ಕೂರಲಿಲ್ಲ, ತಕ್ಷಣ ಇಂಜೆಕ್ಷನ್ ಶುರು ಮಾಡಿದರು. ಎರಡು ದಿನದ ನಂತರ ಸಿಟಿ ಸ್ಕ್ಯಾನ್ ಮಾಡಿಸಿದಾಗ ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ನ್ಯೂಮೋನಿಯಾ ಕಾಣಿಸಿತು.

ಅವತ್ತಿನಿಂದ ನನ್ನ ತಲೆಯಲ್ಲಿ ಇದ್ದ ಪ್ರಶ್ನೆಗಳು ಮೂರು. ಚೇತರಿಸಿಕೊಂಡ ಮೇಲೆ, ಹತ್ತನೇ ದಿನವೇ ಯಾಕೆ? ಎಕ್ಸ್‌ರೇಯಲ್ಲಿ ಏನೂ ಯಾಕೆ ಕಾಣಲಿಲ್ಲ? ಅಷ್ಟು ಅಂಗಗಳಿರುವಾಗ ಶ್ವಾಸಕೋಶವೇ ಯಾಕೆ? ಕೀಮೋ ನಡೆಯುತ್ತಿರುವ ಪ್ರತಿ ಮನೆಯವರಿಗೂ ಇದಕ್ಕೆ ಉತ್ತರ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಈ ಬರಹ.

ಅವಕಾಶವಾದಿ ಸೋಂಕು ಅಂದರೆ

ಡಾಕ್ಟರುಗಳು ಇಂಥ ಸೋಂಕನ್ನು 'ಅವಕಾಶವಾದಿ ಸೋಂಕು' ಅನ್ನುತ್ತಾರೆ. ಹೊಲಕ್ಕೆ ಬೇಲಿ ಇರುವವರೆಗೆ ರಸ್ತೆಯ ದನ ತನ್ನ ಪಾಡಿಗೆ ತಾನು ಹೋಗುತ್ತದೆ. ಬೇಲಿ ಬಿದ್ದ ದಿನ ಅದೇ ದನ ಒಳಗೆ ನುಗ್ಗಿ ಪೈರು ಮೇಯುತ್ತದೆ. ದನ ಬದಲಾಗಿಲ್ಲ, ಬೇಲಿ ಬಿದ್ದಿದೆ ಅಷ್ಟೇ.

ನಮ್ಮ ಸುತ್ತಲಿನ ಮಣ್ಣು, ನೀರು, ಗಾಳಿಯಲ್ಲಿ, ನಮ್ಮದೇ ಬಾಯಿ ಮತ್ತು ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಆರೋಗ್ಯವಂತರಿಗೆ ಇವುಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ದೇಹದ ರಕ್ಷಣೆ ಕುಸಿದಾಗ ಮಾತ್ರ ರೋಗ ತರುತ್ತವೆ. ಕ್ಯಾನ್ಸರ್ ರೋಗಿಗೆ ಸೋಂಕು ಬಂತು ಅಂದರೆ ಮನೆಯವರು ಸ್ವಚ್ಛವಾಗಿ ನೋಡಿಕೊಂಡಿಲ್ಲ ಅಂತ ಅರ್ಥವಲ್ಲ. ಎಷ್ಟೋ ಸಲ ಅದು ರೋಗಿಯ ಕರುಳಿನಲ್ಲೇ ವರ್ಷಗಟ್ಟಲೆ ಇದ್ದ ಬ್ಯಾಕ್ಟೀರಿಯಾ. ಇದನ್ನು ಒತ್ತಿ ಹೇಳಬೇಕು. ಆರೈಕೆ ಮಾಡುವ ಹೆಂಡತಿ, ಮಗಳು, ಸೊಸೆ ತಮ್ಮದೇ ತಪ್ಪು ಅಂತ ಕೊರಗುವುದನ್ನು ನಾನು ನೋಡಿದ್ದೇನೆ.

ಉಸಿರಿನ ಜೊತೆ ಏನೆಲ್ಲ ಒಳಗೆ ಹೋಗುತ್ತದೆ

ದೇಹದ ಒಳಗಿದ್ದೂ ಹೊರಗಿನ ಗಾಳಿಗೆ ಸದಾ ಬಾಗಿಲು ತೆರೆದಿರುವ ಅಂಗ ಶ್ವಾಸಕೋಶ. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಒಳಗೆ ಹೋಗಿ ಹೊರಗೆ ಬರುತ್ತದೆ. ಅದರ ತುದಿಯಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ಅಂದರೆ 30-40 ಸೈಟಿನ ಅರ್ಧಕ್ಕಿಂತ ಜಾಸ್ತಿ ಜಾಗ. ಅಷ್ಟು ದೊಡ್ಡ ಅಂಗಳದ ಗೋಡೆ ಮಾತ್ರ ಈರುಳ್ಳಿ ಪೊರೆಗಿಂತಲೂ ತೆಳು. ಗಾಳಿ ಆ ಕಡೆ, ರಕ್ತ ಈ ಕಡೆ.

ಇದಕ್ಕೆ ಕಾವಲು ಹಲವು ಹಂತದಲ್ಲಿದೆ. ಮೂಗಿನ ಕೂದಲು ದೊಡ್ಡ ಧೂಳು ಹಿಡಿಯುತ್ತದೆ. ಉಸಿರ್ನಾಳದ ಅಂಟು ಲೋಳೆ ಸಣ್ಣದನ್ನು ಹಿಡಿಯುತ್ತದೆ, ಅಲ್ಲಿನ ಸೂಕ್ಷ್ಮ ರೋಮಗಳು ಅದನ್ನು ಮೇಲಕ್ಕೆ ತಳ್ಳುತ್ತವೆ. ಅದನ್ನೂ ತಪ್ಪಿಸಿಕೊಂಡು ಗಾಳಿಚೀಲಕ್ಕೆ ಇಳಿದದ್ದನ್ನು ಅಲ್ಲೇ ಬೀಡುಬಿಟ್ಟಿರುವ ಮ್ಯಾಕ್ರೋಫೇಜ್ ಅನ್ನುವ ಕಣಗಳು ನುಂಗುತ್ತವೆ. ಅವುಗಳ ಕೈಮೀರಿದಾಗ ರಕ್ತದಿಂದ ದೊಡ್ಡ ಪಡೆ ಬರಬೇಕು. ಆ ಪಡೆಯೇ ನ್ಯೂಟ್ರೋಫಿಲ್. ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಕೀಮೋದಲ್ಲಿ ಕೈಕೊಡುವುದು ಮುಖ್ಯವಾಗಿ ಇದೇ ಪಡೆ.

ಕೀಮೋಗೂ ಬಿಳಿ ರಕ್ತಕಣಕ್ಕೂ ಹಳೆಯ ನಂಟು

ಕೀಮೋ ಹುಟ್ಟಿದ್ದೇ ಈ ನಂಟಿನಿಂದ. ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಗ್ಯಾಸ್ ಎಂಬ ವಿಷಾನಿಲಕ್ಕೆ ಸಿಕ್ಕ ಸೈನಿಕರ ರಕ್ತದಲ್ಲಿ ಬಿಳಿ ಕಣಗಳು ಕುಸಿದಿದ್ದವು, ಮೂಳೆಯೊಳಗಿನ ಮಜ್ಜೆ ಬರಿದಾಗಿತ್ತು. ಅಮೆರಿಕದ ಕ್ರಂಬಾರ್ ದಂಪತಿ ಇದನ್ನು 1919ರಲ್ಲಿ ಬರೆದಿಟ್ಟರು. ಬಿಳಿ ಕಣಗಳನ್ನು ಕೊಲ್ಲುವ ಈ ವಿಷ, ಹುಚ್ಚಾಪಟ್ಟೆ ಬೆಳೆಯುವ ಬಿಳಿ ಕಣಗಳ ಕ್ಯಾನ್ಸರನ್ನೂ ಕೊಲ್ಲಬಹುದಲ್ವಾ? ಅದೇ ಬಗೆಯ ರಾಸಾಯನಿಕವನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಲಿಂಫೋಮಾ ರೋಗಿಯೊಬ್ಬರಿಗೆ ಕೊಟ್ಟು ನೋಡಿದರು. ಗೆಡ್ಡೆ ಕರಗಿತು, ಆದರೆ ಸ್ವಲ್ಪ ಕಾಲಕ್ಕೆ ಮಾತ್ರ. ಆಧುನಿಕ ಕೀಮೋ ಶುರುವಾದದ್ದು ಅಲ್ಲಿಂದ.

ಹೆಚ್ಚಿನ ಕೀಮೋ ಔಷಧಿಗಳು ಬೇಗ ಬೇಗ ಒಡೆದು ಹೆಚ್ಚುವ ಜೀವಕೋಶಗಳನ್ನು ಹುಡುಕಿ ಹೊಡೆಯುತ್ತವೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆ ಮಜ್ಜೆ ಕೂಡ ಹಾಗೇ ಬೆಳೆಯುತ್ತವೆ. ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಕೌಂಟ್ (ರಕ್ತಕಣಗಳ ಸಂಖ್ಯೆ) ಇಳಿಯುವುದು. ಬಾಯಿ ಹುಣ್ಣು ಕಣ್ಣಿಗೆ ಕಾಣುತ್ತದೆ. ಕರುಳಿನ ಒಳಗೂ ಅಂಥದೇ ಹುಣ್ಣಾಗಿರುತ್ತದೆ, ಅದು ಕಾಣುವುದಿಲ್ಲ. ಆ ಬಿರುಕಿನಿಂದ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ.

ಹತ್ತನೇ ದಿನವೇ ಯಾಕೆ?

ಹೋಟೆಲಿನಲ್ಲಿ ಗ್ರೈಂಡರ್ ಕೆಟ್ಟ ದಿನ ದೋಸೆ ನಿಲ್ಲುವುದಿಲ್ಲ. ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ಇರುತ್ತದೆ. ಗಿರಾಕಿಗಳಿಗೆ ವಿಷಯ ಗೊತ್ತಾಗುವುದು ಹಿಟ್ಟು ಖಾಲಿಯಾದ ಮೇಲೆ.

ಮೂಳೆ ಮಜ್ಜೆಯದೂ ಇದೇ ಕಥೆ. ಆರೋಗ್ಯವಂತರ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ರಕ್ತಕ್ಕೆ ಬಂದ ನ್ಯೂಟ್ರೋಫಿಲ್ ಅಲ್ಲಿ ಇರುವುದು ಒಂದು ದಿನಕ್ಕಿಂತ ಕಡಿಮೆ. ಹಾಗಾಗಿ ತಯಾರಿ ನಡೆಯುತ್ತಲೇ ಇರಬೇಕು. ಕೀಮೋ ಬಿದ್ದ ಕೂಡಲೇ ಹೊಸ ತಯಾರಿ ನಿಲ್ಲುತ್ತದೆ. ಆದರೆ ಈಗಾಗಲೇ ಅರ್ಧ ಬೆಳೆದವು ಮಜ್ಜೆಯಲ್ಲಿ ದಾಸ್ತಾನು ಇರುತ್ತವೆ. ಮೊದಲ ಕೆಲವು ದಿನ ಅವು ಸಾಕಾಗುತ್ತವೆ. ದಾಸ್ತಾನು ತೀರಿದ ಮೇಲೆ ಕೌಂಟ್ ದಡಕ್ಕನೆ ಬೀಳುತ್ತದೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14ನೇ ದಿನದ ಒಳಗೆ ಅದು ತಳ ಮುಟ್ಟುತ್ತದೆ. ನಂತರ ಮಜ್ಜೆ ಚೇತರಿಸಿಕೊಂಡು ಕೌಂಟ್ ಏರುತ್ತದೆ. ಎಷ್ಟೋ ಕೀಮೋಗಳಿಗೆ 21 ದಿನದ ಅಂತರ ಇಡುವುದಕ್ಕೆ ಒಂದು ದೊಡ್ಡ ಕಾರಣ ಇದೇ.

ಇಲ್ಲೇ ಅಪಾಯ ಅಡಗಿರುವುದು. ವಾಂತಿ, ಸುಸ್ತು ಮೊದಲ ವಾರದಲ್ಲೇ ಬಂದು ಹೋಗಿರುತ್ತದೆ. ಎರಡನೇ ವಾರ ರೋಗಿ ಲವಲವಿಕೆಯಿಂದ ಇರುತ್ತಾರೆ. ಮನೆಯವರು ಉಸಿರು ಬಿಡುತ್ತಾರೆ, ನೆಂಟರು ಹಣ್ಣು ಹಿಡಿದು ಬರುತ್ತಾರೆ. ರಕ್ತದಲ್ಲಿ ಕಾವಲು ತೀರಾ ಕಡಿಮೆ ಇರುವುದೂ ಅದೇ ವಾರ. ನಮ್ಮ ರಾಜ್ಯದಲ್ಲಿ ದೂರದ ಜಿಲ್ಲೆಗಳಿಂದ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಬಂದು ಕೀಮೋ ತಗೊಂಡು ಹೋಗುವವರು ಬಹಳ ಜನ. ಅವರಿಗೆ ಆ ವಾರ ಬರುವುದು ಊರಲ್ಲಿ, ಕ್ಯಾನ್ಸರ್ ಡಾಕ್ಟರಿಂದ ನೂರಾರು ಕಿಲೋಮೀಟರ್ ದೂರದಲ್ಲಿ.

ರಿಪೋರ್ಟಿನಲ್ಲಿ ನೋಡಬೇಕಾದ ಒಂದು ಲೆಕ್ಕ

ರಕ್ತದ ರಿಪೋರ್ಟಿನಲ್ಲಿ ಟೋಟಲ್ ಕೌಂಟ್ ಅಂತ ಒಂದು ಸಾಲು, ಅದರ ಕೆಳಗೆ ನ್ಯೂಟ್ರೋಫಿಲ್ ಶೇಕಡಾ ಎಷ್ಟು ಅಂತ ಇನ್ನೊಂದು ಸಾಲು ಇರುತ್ತದೆ. ಕೆಲವು ಲ್ಯಾಬ್‌ಗಳು ಪಾಲಿಮಾರ್ಫ್ ಅಂತ ಬರೆಯುತ್ತವೆ. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿ. ದೊಡ್ಡಮ್ಮನ ಟೋಟಲ್ ಕೌಂಟ್ ಅವತ್ತು 900, ನ್ಯೂಟ್ರೋಫಿಲ್ ಶೇ. 20. ಅಂದರೆ 180. ಇದನ್ನೇ, ಅಂದರೆ ನ್ಯೂಟ್ರೋಫಿಲ್‌ಗಳ ಒಟ್ಟು ಸಂಖ್ಯೆಯನ್ನೇ, ಡಾಕ್ಟರುಗಳು ಎಎನ್‌ಸಿ ಅನ್ನುವುದು.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇದು 1,500ಕ್ಕಿಂತ ಮೇಲಿರಬೇಕು. 500ಕ್ಕಿಂತ ಕೆಳಗಿಳಿದರೆ ಗಂಭೀರ. 100ಕ್ಕಿಂತ ಕೆಳಗೆ ಅಂದರೆ ಕಾವಲೇ ಇಲ್ಲ ಅನ್ನಬಹುದು. ಲ್ಯುಕೇಮಿಯಾ (ರಕ್ತ ಕ್ಯಾನ್ಸರ್) ರೋಗಿಗಳನ್ನು ಗಮನಿಸುತ್ತಾ ಬಂದ ಜೆರಾಲ್ಡ್ ಬೋಡಿ ಮತ್ತು ಅವರ ಜೊತೆಗಾರರು 1966ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಕೌಂಟ್ ಎಷ್ಟು ಕೆಳಗಿದೆ ಅನ್ನುವುದರ ಜೊತೆಗೆ ಎಷ್ಟು ದಿನ ಕೆಳಗಿದೆ ಅನ್ನುವುದೂ ಮುಖ್ಯ ಅಂತ ಅವರು ಕಂಡುಕೊಂಡರು.

ಈ 'ಎಷ್ಟು ದಿನ' ಅನ್ನುವುದರ ಮೇಲೆ ರೋಗಿಯಿಂದ ರೋಗಿಗೆ ಅಪಾಯ ಬದಲಾಗುತ್ತದೆ. ಸ್ತನ ಕ್ಯಾನ್ಸರ್, ಕರುಳಿನ ಕ್ಯಾನ್ಸರ್‌ನಂಥ ಗೆಡ್ಡೆಗಳ ಕೀಮೋದಲ್ಲಿ ಕೌಂಟ್ ಕೆಳಗಿರುವುದು ಸಾಮಾನ್ಯವಾಗಿ ಕೆಲವೇ ದಿನ. ಸೋಂಕೇ ಬಾರದೆ ಎಲ್ಲ ಸೈಕಲ್ ಮುಗಿಸುವವರು ಎಷ್ಟೋ ಜನ. ಅದೇ ತೀವ್ರ ಲ್ಯುಕೇಮಿಯಾದ ಮೊದಲ ಹಂತದ ಕೀಮೋದಲ್ಲಿ ಮೂರು ನಾಲ್ಕು ವಾರ ಕೌಂಟ್ ನೆಲ ಕಚ್ಚಿರುತ್ತದೆ. ಅದಕ್ಕೇ ಅವರನ್ನು ಮನೆಗೆ ಕಳಿಸದೆ ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಇಟ್ಟುಕೊಳ್ಳುವುದು.

ಹೊಗೆ ಇಲ್ಲದ ಬೆಂಕಿ

ಈಗ ಎಕ್ಸ್‌ರೇ ವಿಷಯಕ್ಕೆ ಬರೋಣ. ಇದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಗಾಯ ಕೀತುಕೊಂಡಾಗ ಕಾಣುವ ಕೀವು ಏನು? ಅದರಲ್ಲಿ ಹೆಚ್ಚಿನ ಪಾಲು ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳು. ನ್ಯೂಮೋನಿಯಾದಲ್ಲಿ ಬರುವ ಹಳದಿ, ಹಸಿರು ಕಫವೂ ಹೆಚ್ಚುಕಡಿಮೆ ಅದೇ. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಮಚ್ಚೆ ಕೂಡ ಗಾಳಿಚೀಲಗಳಲ್ಲಿ ತುಂಬಿಕೊಂಡ ಈ ಕಣಗಳು ಮತ್ತು ದ್ರವ. ಅಂದರೆ ನಾವು ಸೋಂಕಿನ ಲಕ್ಷಣ ಅಂತ ಗುರುತಿಸುವ ಕಫ, ಕೀವು, ಕೆಂಪು, ಊತ ಎಲ್ಲವೂ ಬಹುಪಾಲು ನಮ್ಮ ದೇಹದ ಹೋರಾಟದ ಗುರುತು.

ಹೋರಾಡುವವರೇ ಇಲ್ಲದಿದ್ದರೆ? ಗುರುತೂ ಇಲ್ಲ. ಬೆಂಕಿ ಹತ್ತಿದೆ, ಹೊಗೆ ಏಳುತ್ತಿಲ್ಲ. ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ದುಪ್ಪಟ್ಟಾಗುತ್ತಿರುತ್ತವೆ, ರೋಗಿಗೆ ಕಫ ಇಲ್ಲ, ಸ್ಟೆಥಸ್ಕೋಪ್‌ನಲ್ಲಿ ಸದ್ದಿಲ್ಲ, ಎಕ್ಸ್‌ರೇ ಸ್ವಚ್ಛ. ಎಷ್ಟೋ ಸಲ ಇರುವ ಒಂದೇ ಸುಳಿವು ಜ್ವರ. ಪೆರಾಸಿಟಮಾಲ್ ನುಂಗಿದರೆ ಆ ಒಂದು ಸುಳಿವೂ ಮುಚ್ಚಿಹೋಗುತ್ತದೆ. ಜ್ವರ ಇಳಿಯುತ್ತದೆ, ಸೋಂಕು ಒಳಗೇ ಹರಡುತ್ತದೆ. ಕೀಮೋ ಜೊತೆ ಸ್ಟೀರಾಯ್ಡ್ ತಗೊಳ್ಳುವವರಿಗೆ, ವಯಸ್ಸಾದವರಿಗೆ ಕೆಲವೊಮ್ಮೆ ಜ್ವರವೂ ಬರುವುದಿಲ್ಲ. ಚಳಿ ನಡುಕ, ಉಸಿರಿನ ವೇಗ ಹೆಚ್ಚುವುದು, ಮಂಕಾಗುವುದು, ತಲೆಸುತ್ತು, ಮೂತ್ರ ಕಡಿಮೆಯಾಗುವುದು, ಇಷ್ಟರಲ್ಲೇ ಗುರುತಿಸಬೇಕು.

ಇನ್ನೊಂದು ವಿಚಿತ್ರವೂ ಇದೆ. ಕೌಂಟ್ ಏರಿದಾಗ ಕೆಮ್ಮು, ಕಫ, ಎಕ್ಸ್‌ರೇ ಮಚ್ಚೆ ಒಮ್ಮೊಮ್ಮೆ ಜಾಸ್ತಿಯಾಗುತ್ತದೆ. ಪಡೆ ಈಗ ಸ್ಥಳಕ್ಕೆ ಬಂದು ಹೋರಾಟ ಶುರುಮಾಡಿದೆ. ಮನೆಯವರಿಗೆ ಗಾಬರಿ. ಡಾಕ್ಟರು ಆ ಹೊತ್ತಿನಲ್ಲಿ ರೋಗಿಯನ್ನು ಹತ್ತಿರದಿಂದ ನೋಡಿಕೊಳ್ಳುತ್ತಾರೆ. ಬೂಷ್ಟಿನ ಸೋಂಕು ಇದ್ದವರಿಗೆ ಕಫದಲ್ಲಿ ರಕ್ತ ಬರುವ ಭಯ ಇರುವುದೂ ಆಗಲೇ.

ನುಗ್ಗುವವರು ಯಾರು?

ಕೌಂಟ್ ಬಿದ್ದ ಮೊದಲ ದಿನಗಳಲ್ಲಿ ಬರುವುದು ಬ್ಯಾಕ್ಟೀರಿಯಾ. ಕರುಳಿನಲ್ಲಿರುವ ಕ್ಲೆಬ್ಸಿಯೆಲ್ಲಾ, ಇ. ಕೊಲೈ, ನೀರು ಮತ್ತು ಸಿಂಕುಗಳ ಹಸಿಯಲ್ಲಿ ಬದುಕುವ ಸ್ಯೂಡೋಮೊನಾಸ್ ಮುಖ್ಯವಾದವು. ಇವು ಗಂಟೆಗಳ ಲೆಕ್ಕದಲ್ಲಿ ರೋಗಿಯನ್ನು ಕೆಡವಬಲ್ಲವು. ಭಾರತದಲ್ಲಿ ಇವುಗಳಲ್ಲಿ ಅನೇಕ ತಳಿಗಳು ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಹಾಗಾಗಿ ಮನೆಯಲ್ಲಿ ಉಳಿದಿದ್ದ ಮಾತ್ರೆ, ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ಇಲ್ಲಿ ನಡೆಯುವುದಿಲ್ಲ.

ಕೌಂಟ್ ಹತ್ತು ದಿನಕ್ಕೂ ಮೀರಿ ಕೆಳಗೇ ಇದ್ದರೆ ಬೂಷ್ಟಿನ ಸರದಿ. ಹಳೇ ರೊಟ್ಟಿಯ ಮೇಲೆ, ಒದ್ದೆ ಗೋಡೆಯ ಮೇಲೆ ಬರುವುದರ ಬಳಗದ್ದೇ. ಹೆಸರು ಆಸ್ಪರ್ಜಿಲಸ್. 1729ರಲ್ಲಿ ಇಟಲಿಯ ಪಾದ್ರಿ, ಸಸ್ಯಶಾಸ್ತ್ರಜ್ಞ ಮಿಕೇಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದ ಹೆಸರಿಟ್ಟರು, ಆಕಾರ ಹಾಗೇ ಇದೆ ಅಂತ. ಇದರ ಬೀಜಕಣ 2ರಿಂದ 3 ಮೈಕ್ರಾನ್. ಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣದು. ಮೂಗನ್ನೂ ಲೋಳೆಯನ್ನೂ ದಾಟಿ ನೇರ ಗಾಳಿಚೀಲಕ್ಕೆ ಇಳಿಯುವ ಗಾತ್ರ. ನಾವೆಲ್ಲ ದಿನಾ ನೂರಾರು ಬೀಜಕಣ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ನ್ಯೂಟ್ರೋಫಿಲ್ ಇಲ್ಲದ ಶ್ವಾಸಕೋಶದಲ್ಲಿ ಮಾತ್ರ ಬೀಜ ಮೊಳೆತು, ಎಳೆಎಳೆಯಾಗಿ ಬೆಳೆದು ರಕ್ತನಾಳದೊಳಗೆ ಹೊಕ್ಕು ಅದನ್ನು ಮುಚ್ಚಿಬಿಡುತ್ತದೆ. ಸುತ್ತ ರಕ್ತ ಒಸರುತ್ತದೆ. ಸಿಟಿ ಸ್ಕ್ಯಾನಿನಲ್ಲಿ ನಡುವೆ ಗಟ್ಟಿ ಬಿಳಿ ಗಂಟು, ಸುತ್ತ ಮಂಜಿನ ಉಂಗುರ. ಮಳೆಗಾಲಕ್ಕೆ ಮುಂಚೆ ಗುಡಿ ಕಟ್ಟಿದ ಚಂದ್ರನನ್ನು ನೋಡಿದ್ದೀರಲ್ವಾ, ಹಾಗೆ.

ಇದಕ್ಕೆ ವೊರಿಕೊನಜೋಲ್ ಅನ್ನುವ ಔಷಧಿ ಬಂದದ್ದು ದೊಡ್ಡ ತಿರುವು. 2002ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಇದನ್ನು ಪಡೆದವರಲ್ಲಿ ಸುಮಾರು ಶೇ. 71 ಜನ 12 ವಾರದ ನಂತರ ಬದುಕಿದ್ದರು. ಹಳೆಯ ಆಂಫೋಟೆರಿಸಿನ್ ಪಡೆದವರಲ್ಲಿ ಅದು ಶೇ. 58. ಆದರೆ 2021ರ ಕೋವಿಡ್ ಹೊತ್ತಿನಲ್ಲಿ ಕಪ್ಪು ಶಿಲೀಂಧ್ರ ಅಂತ ಎಲ್ಲರನ್ನೂ ಹೆದರಿಸಿದ ಮ್ಯೂಕರ್‌ಗೆ ವೊರಿಕೊನಜೋಲ್ ಕೆಲಸ ಮಾಡುವುದಿಲ್ಲ. ಅದಕ್ಕೆ ಆಂಫೋಟೆರಿಸಿನ್ ಬೇಕು. ಎರಡೂ ಬೂಷ್ಟೇ, ಮದ್ದು ಬೇರೆ. ಯಾವುದು ಅಂತ ತಿಳಿಯಲು ಡಾಕ್ಟರು ಅಷ್ಟೊಂದು ಪರೀಕ್ಷೆ ಬರೆಯುವುದು ಇದಕ್ಕೇ.

ಮೂರನೇದು ನ್ಯೂಮೋಸಿಸ್ಟಿಸ್. ಇದು ಬರುವ ದಾರಿಯೇ ಬೇರೆ. ನ್ಯೂಟ್ರೋಫಿಲ್ ಸರಿಯಾಗಿದ್ದರೂ ಬರಬಹುದು. ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣ ಸೋತಾಗ ಇದು ತಲೆ ಎತ್ತುತ್ತದೆ. ವಾರಗಟ್ಟಲೆ ಸ್ಟೀರಾಯ್ಡ್ ತಗೊಂಡವರಲ್ಲಿ, ಲಿಂಫೋಮಾ, ರಕ್ತ ಕ್ಯಾನ್ಸರ್, ಮೆದುಳಿನ ಗೆಡ್ಡೆಯ ರೋಗಿಗಳಲ್ಲಿ ಹೆಚ್ಚು. ಬಹಳ ಕಾಲ ಇದನ್ನು ಬೇರೆಯೇ ಬಗೆಯ ಪರಾವಲಂಬಿ ಅಂದುಕೊಂಡಿದ್ದರು, ಇದೂ ಶಿಲೀಂಧ್ರ ಅಂತ ಖಚಿತವಾದದ್ದು 1988ರಲ್ಲಿ. ಒಣ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕೂತಾಗ ಸರಿಯಾಗಿದ್ದ ಆಕ್ಸಿಜನ್ ನಡೆದಾಗ ಕುಸಿಯುವುದು ಇದರ ಲಕ್ಷಣ. ಸ್ಟೀರಾಯ್ಡ್ ಕಡಿಮೆ ಮಾಡುತ್ತಾ ಬರುವ ದಿನಗಳಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಸಂತೋಷದ ಸಂಗತಿ ಅಂದರೆ ಇದನ್ನು ತಡೆಯಬಹುದು, ಅದೂ ಅಗ್ಗದ ಹಳೇ ಮಾತ್ರೆಯಿಂದ. ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ವಾಲ್ಟರ್ ಹ್ಯೂಸ್ 1977ರಲ್ಲಿ ಇದನ್ನು ತೋರಿಸಿಕೊಟ್ಟರು. ಸುಮ್ನೆ ಹುಸಿ ಮಾತ್ರೆ ಪಡೆದ 80 ರೋಗಿಗಳಲ್ಲಿ 17 ಜನರಿಗೆ ಈ ನ್ಯೂಮೋನಿಯಾ ಬಂತು. ಕೋಟ್ರೈಮೋಕ್ಸಜೋಲ್ ಪಡೆದ 80 ಜನರಲ್ಲಿ ಒಬ್ಬರಿಗೂ ಬರಲಿಲ್ಲ. ದಿನಕ್ಕೆ 20 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಅಥವಾ ಅದಕ್ಕೆ ಸಮನಾದ ಸ್ಟೀರಾಯ್ಡನ್ನು ನಾಲ್ಕು ವಾರ ಅಥವಾ ಹೆಚ್ಚು ಕಾಲ ತಗೊಳ್ಳುವ ಕ್ಯಾನ್ಸರ್ ರೋಗಿಗಳಿಗೆ ಡಾಕ್ಟರು ಈ ಮಾತ್ರೆ ಬರೆಯುವುದು ಇದಕ್ಕೇ. "ಜ್ವರ ಇಲ್ವಲ್ಲ, ಇದ್ಯಾಕೆ" ಅಂತ ಬಿಡಬೇಡಿ. ಇದು ಸಲ್ಫಾ ಗುಂಪಿನ ಔಷಧಿ, ಸಲ್ಫಾ ಅಲರ್ಜಿ ಇದ್ದರೆ ಮಾತ್ರ ಮೊದಲೇ ಹೇಳಿ, ಬೇರೆ ಔಷಧಿ ಇದೆ.

ಟಿಬಿಯನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಚಿಕ್ಕಂದಿನಲ್ಲಿ ಒಳಸೇರಿದ ರೋಗಾಣು ದಶಕಗಳ ಕಾಲ ಬೂದಿ ಮುಚ್ಚಿದ ಕೆಂಡದಂತೆ ಇದ್ದು, ರಕ್ಷಣೆ ಕುಸಿದಾಗ ಎದ್ದೇಳಬಹುದು. ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಇತ್ತಾ ಅಂತ ಡಾಕ್ಟರು ಕೇಳಿದರೆ ಮುಚ್ಚಿಡಬೇಡಿ.

ಕೊನೆಯದು ಕಡಿಮೆ ಜನಕ್ಕೆ ಗೊತ್ತಿರುವುದು. ಬರಿಗಾಲಲ್ಲಿ ಗದ್ದೆ, ತೋಟದಲ್ಲಿ ಓಡಾಡುವವರ ಪಾದದ ಚರ್ಮದಿಂದ ಸ್ಟ್ರಾಂಜಿಲಾಯ್ಡಿಸ್ ಅನ್ನುವ ಸಣ್ಣ ಹುಳ ಒಳಸೇರಿ ಕರುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಸ್ಟೀರಾಯ್ಡ್ ಶುರುವಾದಾಗ ಇದು ವಿಪರೀತ ಹೆಚ್ಚಿ, ಮರಿಹುಳುಗಳು ಕರುಳಿನ ಬ್ಯಾಕ್ಟೀರಿಯಾ ಹೊತ್ತುಕೊಂಡು ಶ್ವಾಸಕೋಶಕ್ಕೆ ನುಗ್ಗುತ್ತವೆ. ಮೊದಲೇ ಗೊತ್ತಾದರೆ ಐವರ್ಮೆಕ್ಟಿನ್ ಮಾತ್ರೆಯಿಂದ ಗುಣವಾಗುತ್ತದೆ. ಕೃಷಿ ಕುಟುಂಬದವರು ಡಾಕ್ಟರಿಗೆ ತಮ್ಮ ಕೆಲಸ ಏನು ಅಂತ ಹೇಳುವುದು ಇಷ್ಟು ಮುಖ್ಯ.

ಪತ್ತೆ ಹಚ್ಚುವುದು ಯಾಕೆ ಕಷ್ಟ?

ಶ್ವಾಸಕೋಶದ ಮಚ್ಚೆಯೆಲ್ಲ ಸೋಂಕಲ್ಲ. ಬ್ಲಿಯೋಮೈಸಿನ್, ಮೆಥೋಟ್ರೆಕ್ಸೇಟ್‌ನಂಥ ಔಷಧಿಗಳೇ ಶ್ವಾಸಕೋಶವನ್ನು ಕೆರಳಿಸಬಹುದು. ಎದೆಗೆ ಕೊಟ್ಟ ರೇಡಿಯೇಷನ್, ಇಮ್ಯುನೋಥೆರಪಿ, ರಕ್ತ ಹೆಪ್ಪುಗಟ್ಟಿದ್ದು, ನೀರು ತುಂಬಿದ್ದು, ಕ್ಯಾನ್ಸರ್ ಹರಡಿದ್ದು, ಎಲ್ಲವೂ ನ್ಯೂಮೋನಿಯಾದಂತೆಯೇ ಕಾಣಬಹುದು. ಹಾಗಾಗಿ ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್, ಸಿಟಿ, ಬೂಷ್ಟಿನ ಗೋಡೆಯ ಅಂಶವನ್ನು ಹುಡುಕುವ ಗ್ಯಾಲಕ್ಟೋಮನ್ನನ್ ಪರೀಕ್ಷೆ ಮಾಡುತ್ತಾರೆ. ಬೇಕಾದರೆ ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶದೊಳಗೆ ಸ್ವಲ್ಪ ಸಲೈನ್ ಬಿಟ್ಟು ಹೀರಿ ತೆಗೆದ ನೀರನ್ನು ಲ್ಯಾಬಿಗೆ ಕಳಿಸುತ್ತಾರೆ. ತುಣುಕು ತೆಗೆದು ನೋಡೋಣ ಅಂದರೆ ಕೀಮೋದಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೂ ಇಳಿದಿರುತ್ತವೆ, ರಕ್ತಸ್ರಾವದ ಭಯ.

ಇಷ್ಟೆಲ್ಲ ಫಲಿತಾಂಶ ಬರಲು ದಿನಗಳು ಬೇಕು. ರೋಗಿಗೆ ಅಷ್ಟು ಸಮಯ ಇರುವುದಿಲ್ಲ. ಅದಕ್ಕೇ ಕಲ್ಚರ್‌ಗೆ ರಕ್ತ ತೆಗೆದ ಕೂಡಲೇ, ಯಾವ ರೋಗಾಣು ಅಂತ ಗೊತ್ತಾಗುವ ಮೊದಲೇ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ನಾಲ್ಕರಿಂದ ಏಳು ದಿನವಾದರೂ ಜ್ವರ ಬಿಡದಿದ್ದರೆ ಬೂಷ್ಟಿನ ಕಡೆ ಅನುಮಾನ ತಿರುಗುತ್ತದೆ.

ಆ ಒಂದು ಗಂಟೆ

ಕೀಮೋ ರೋಗಿಗೆ ಜ್ವರ ಅಂದರೆ ಬಾಯಲ್ಲಿ ಇಟ್ಟ ಥರ್ಮಾಮೀಟರ್ ಒಮ್ಮೆ 101 ತೋರಿಸುವುದು, ಅಥವಾ 100.4 ಒಂದು ಗಂಟೆ ನಿಲ್ಲುವುದು. ಮನೆಯವರಿಗೆ ಗಂಟೆ ಲೆಕ್ಕ ಬೇಡ, 100.4 ಕಂಡ ಕೂಡಲೇ ಫೋನ್ ಮಾಡಿ ಹೊರಡಬೇಕು. ಕಂಕುಳಲ್ಲಿ ಇಟ್ಟರೆ ಸ್ವಲ್ಪ ಕಡಿಮೆ ತೋರಿಸುತ್ತದೆ, ನೆನಪಿರಲಿ. ಗುದದ್ವಾರದಲ್ಲಿ ಇಟ್ಟು ನೋಡಬಾರದು, ಅಲ್ಲಿ ಗೀರಾದರೆ ಅದೇ ಸೋಂಕಿನ ಬಾಗಿಲು. ಎನಿಮಾ ಕೂಡ ಬೇಡ.

ಆಸ್ಪತ್ರೆ ತಲುಪಿದ 60 ನಿಮಿಷದೊಳಗೆ ಮೊದಲ ಆಂಟಿಬಯಾಟಿಕ್ ಡೋಸ್ ಹೋಗಬೇಕು ಅನ್ನುವುದು ವೈದ್ಯರ ಗುರಿ. ಹಾಗಾಗಿ ಬೆಂಗಳೂರಿಗೇ ಹೋಗುತ್ತೇವೆ ಅಂತ ರಾತ್ರಿಯೆಲ್ಲ ಪ್ರಯಾಣ ಮಾಡಬೇಡಿ. ಹತ್ತಿರದ, ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್ ಕೊಡಬಲ್ಲ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108. ಓಪಿಡಿ ಚೀಟಿ ಮಾಡಿಸುವ ಕಡೆಯೇ ಹೇಳಿ: "ಕೀಮೋ ಆಗಿ ಹತ್ತು ದಿನ ಆಯ್ತು, ಜ್ವರ ಇದೆ." ಬರೀ "ಜ್ವರ" ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. ಕೀಮೋ ಔಷಧಿಗಳ ಹೆಸರು, ಕೊನೆಯ ಡೋಸಿನ ತಾರೀಖು, ಕೊನೆಯ ರಕ್ತದ ರಿಪೋರ್ಟು ಇರುವ ಫೈಲು ಬಾಗಿಲ ಹತ್ತಿರವೇ ಇರಲಿ. ಕ್ಯಾನ್ಸರ್ ಡಾಕ್ಟರ ನಂಬರನ್ನು ಆ ಡಾಕ್ಟರಿಗೆ ಕೊಡಿ.

ಮನೆಯಲ್ಲಿ ಮಾಡಬಹುದಾದದ್ದು

ಕೈ ತೊಳೆಯುವುದು ಎಲ್ಲಕ್ಕಿಂತ ದೊಡ್ಡದು. ರೋಗಿಯದ್ದಷ್ಟೇ ಅಲ್ಲ, ಮುಟ್ಟುವ ಎಲ್ಲರದ್ದು. ನೆಗಡಿ ಇರುವ ನೆಂಟರಿಗೆ "ಈಗ ಬರಬೇಡಿ" ಅನ್ನಲು ಸಂಕೋಚ ಬೇಡ. ಮೃದು ಬ್ರಷ್ಷಿನಲ್ಲಿ ಹಲ್ಲುಜ್ಜಿ, ಡಾಕ್ಟರು ಹೇಳಿದಂತೆ ಬಾಯಿ ಮುಕ್ಕಳಿಸಿದರೆ ಹುಣ್ಣಿನಿಂದ ಬರುವ ಸೋಂಕು ತಗ್ಗುತ್ತದೆ.

ಊಟದ ವಿಷಯದಲ್ಲಿ ಭಯ ಜಾಸ್ತಿ. ಹಸಿಯದ್ದೆಲ್ಲ ಬಿಡಿಸುವ ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿಲ್ಲ. ಆಗಷ್ಟೇ ಮಾಡಿದ ಬಿಸಿ ಊಟ, ಕುದಿಸಿದ ಹಾಲು, ಚೆನ್ನಾಗಿ ತೊಳೆದು ಸಿಪ್ಪೆ ತೆಗೆದ ಹಣ್ಣು ಕೊಡಬಹುದು. ಬರೀ ಗಂಜಿಯಲ್ಲಿ ಇಟ್ಟು ರೋಗಿಯನ್ನು ಸೊರಗಿಸಬೇಡಿ.

ಹಳ್ಳಿ ಮನೆಗಳಲ್ಲಿ ಬೂಷ್ಟಿನ ಬೀಜಕಣ ದಟ್ಟವಾಗಿ ಏಳುವ ಜಾಗಗಳು ಗೊತ್ತಿರಬೇಕು. ಗೊಬ್ಬರದ ಗುಂಡಿ, ಹುಲ್ಲಿನ ಬಣವೆ, ಕೊಟ್ಟಿಗೆಗೆ ಹಾಕುವ ದರಕು, ಧಾನ್ಯ ತೂರುವ ಕಣ, ಹಳೇ ಗೋಣಿಚೀಲ ಕೊಡವುವ ಅಟ್ಟ. ಪೇಟೆಯಲ್ಲಾದರೆ ಪಕ್ಕದಲ್ಲಿ ಕೆಡವುತ್ತಿರುವ ಕಟ್ಟಡ. ಕೌಂಟ್ ಕಡಿಮೆ ಇರುವ ದಿನಗಳಲ್ಲಿ ಇವುಗಳಿಂದ ದೂರ ಇರಬೇಕು. ಬಟ್ಟೆಯ ಮಾಸ್ಕ್ ಇಷ್ಟು ಸಣ್ಣ ಕಣವನ್ನು ಸರಿಯಾಗಿ ತಡೆಯುವುದಿಲ್ಲ, ಎನ್-95 ಬೇಕು. ಮುಖಕ್ಕೆ ಅದು ಸರಿಯಾಗಿ ಕೂರಲೂಬೇಕು.

ಫ್ಲೂ ಮತ್ತು ನ್ಯೂಮೋಕಾಕಸ್ ಲಸಿಕೆಗಳನ್ನು ಯಾವಾಗ ಹಾಕಿಸಬೇಕು ಅಂತ ಡಾಕ್ಟರನ್ನು ಕೇಳಿ. ಕೀಮೋ ಶುರುವಾಗುವ ಮೊದಲೇ ಆದರೆ ಒಳ್ಳೆಯದು. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡರೆ ರೋಗಿಯ ಸುತ್ತ ಇನ್ನೊಂದು ಬೇಲಿ. ಜೀವಂತ ರೋಗಾಣು ಇರುವ ಲಸಿಕೆಗಳನ್ನು ಕೀಮೋ ರೋಗಿಗೆ ಹಾಕುವುದಿಲ್ಲ.

ಒಂದು ಸೈಕಲ್‌ನಲ್ಲಿ ಜ್ವರ ಬಂದವರಿಗೆ, ಅಥವಾ ಅಪಾಯ ಹೆಚ್ಚಿರುವ ಕೀಮೋ ಪಡೆಯುವವರಿಗೆ ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್ ಇದೆ. 1991ರಿಂದ ಬಳಕೆಯಲ್ಲಿದೆ. ಇದು ಮಜ್ಜೆಯನ್ನು ಎಬ್ಬಿಸಿ ನ್ಯೂಟ್ರೋಫಿಲ್ ತಯಾರಿಯನ್ನು ಬೇಗ ಶುರು ಮಾಡಿಸುತ್ತದೆ. ಕೌಂಟ್ ಕೆಳಗಿರುವ ದಿನಗಳು ಕಡಿಮೆಯಾಗುತ್ತವೆ. ಕೆಲವರಿಗೆ ಮೂಳೆ ನೋವು ಬರುತ್ತದೆ.

ದೊಡ್ಡಮ್ಮ ಆ ಸಲ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಎರಡನೇ ಸೈಕಲ್ ಒಂದು ವಾರ ತಡವಾಯಿತು, ಅದರ ಜೊತೆ ಹೊಟ್ಟೆಯ ಚರ್ಮಕ್ಕೆ ಈ ಇಂಜೆಕ್ಷನ್ ಕೊಟ್ಟರು. ದೊಡ್ಡಮ್ಮನ ಮಗ ಹಳೇ ಡೈರಿಯೊಂದರಲ್ಲಿ ಗೆರೆ ಎಳೆದು, ದಿನಕ್ಕೆ ಎರಡು ಸಲ ಟೆಂಪರೇಚರ್ ಬರೆದಿಡಲು ಶುರು ಮಾಡಿದ. ಏಳರಿಂದ ಹದಿನಾಲ್ಕನೇ ದಿನದವರೆಗಿನ ಸಾಲುಗಳಿಗೆ ಕೆಂಪು ಪೆನ್ನು. ಆ ವಾರ ಅಡಿಕೆ ಸುಲಿಯುವುದನ್ನು ಅಂಗಳದಿಂದ ತೋಟದ ಆಚೆಗಿನ ಚಪ್ಪರಕ್ಕೆ ಸಾಗಿಸಿದರು. ಹತ್ತನೇ ದಿನ ಸಂಜೆ ಡೈರಿಯಲ್ಲಿ 98.2 ಅಂತ ಇದೆ. ಅದರ ಪಕ್ಕದಲ್ಲಿ ದೊಡ್ಡಮ್ಮನದೇ ಅಕ್ಷರ: "ಎರಡು ದೋಸೆ ತಿಂದೆ."